ಹೆಬ್ಬೆರಳಿನ ಕೆಳಗಿನ ಸಾಲು

ಅಕ್ಕ, ನಿನ್ನ ಎದೆಹಾಲು ಬತ್ತಿದ್ದಕ್ಕೆ ನಿನ್ನ ಮೈಯೇ ಕಾರಣ ಎಂದವನು ನಾನು. ಆ ಮಾತು ಆಡುವಾಗ ಬೇರೆ ಉತ್ತರ ನನ್ನ ಕೈಯಲ್ಲೇ ಇತ್ತು—ಹೌದು, ಕೈಯಲ್ಲೇ, ಹೆಬ್ಬೆರಳಿನ ಕೆಳಗೆ. ಇಷ್ಟು ವರ್ಷ ಆ ಬೆರಳನ್ನು ಎತ್ತಲಿಲ್ಲ.

ನೀನು ಚೊಚ್ಚಲ ಬಾಣಂತನಕ್ಕೆ ಮಸ್ಕಿಗೆ ಬಂದಾಗ ಎಂಬತ್ತರ ದಶಕ ಮುಗಿಯುತ್ತಿತ್ತು. ನಾನು ಲಿಂಗಸುಗೂರಿನಲ್ಲಿ ಪಿಯುಸಿ. ಚರ್ಚಾ ಸ್ಪರ್ಧೆಗಳಲ್ಲಿ ಗೆದ್ದು ಗೆದ್ದು, ಸಾರಿಗೆ ಉಪ್ಪು ಕಡಿಮೆಯಾದರೂ ಎದ್ದು ನಿಂತು ವಾದ ಮಂಡಿಸುವವನಾಗಿದ್ದೆ. ಅವ್ವ ನಿನಗೆಂದು ಅಂಟಿನುಂಡಿ ಕಟ್ಟಿದ್ದಳು. ಬಿಸಿರೊಟ್ಟಿ, ಸಬ್ಬಸಿಗೆ ಪಲ್ಯ, ಮೇಲೆ ತುಪ್ಪ. ನನಗೆ ಅದೆಲ್ಲ ಮೂಢನಂಬಿಕೆ. ಸಿಂಧನೂರಿನಿಂದ ಶಕ್ತಿಪುಡಿಯ ಡಬ್ಬಿ ತಂದೆ—ಮುಂದೆ ನಗುವ ತಾಯಿಯ ಚಿತ್ರ, ಹಿಂದೆ ಇಂಗ್ಲಿಷಿನಲ್ಲಿ ಅಂಕಿಗಳು. ಒಂದು ಕಪ್ಪಿಗೆ ಇಷ್ಟು ಕ್ಯಾಲೊರಿ ಎಂದು ದೊಡ್ಡದಾಗಿ ಬರೆದಿತ್ತು. ಎರಡು ಕಪ್ ಕುಡಿದರೆ ಒಂದು ಊಟವಾಯಿತು ಎಂದು ನಿನಗೆ ಲೆಕ್ಕ ಒಪ್ಪಿಸಿದೆ. ಮನೆಯ ಎಮ್ಮೆ ಬತ್ತಿತ್ತು, ಹಾಲಿರಲಿಲ್ಲ. ಆದರೇನು? ‘ಬಿಸಿ ಹಾಲು ಅಥವಾ ಬಿಸಿನೀರಿನಲ್ಲಿ ಕಲಸಿ’ ಎಂದು ಡಬ್ಬಿಯೇ ಹೇಳುತ್ತಿತ್ತಲ್ಲ!

“ಲೇ, ಬಾಣಂತಿಗೆ ನೀರು ಕುಡ್ಸಿ ಹಾಲು ತರ್ತೀಯೇನ? ಗಿರಣ್ಯಾಗ ಗ್ವಾಡಿಗೆ ಹತ್ತಿದ ಹಿಟ್ಟು ಇದಕ್ಕಿಂತ ಗಟ್ಟಿ ಐತಿ,” ಎಂದು ಅವ್ವ ನಕ್ಕಳು. ನೀನೂ ನಕ್ಕೆ.

ನನಗೆ ಉರಿಯಿತು. “ಡಬ್ಬಿ ಮ್ಯಾಲ ಬರದದ್ದು ಓದಾಕ ಬರ್ತೈತೇನಬೇ ನಿನಗ?”

ಅವ್ವನ ನಗು ಅಲ್ಲೇ ನಿಂತಿತು. “ಇಲ್ಲಪ. ನನಗೆಲ್ಲಿ ಬರ್ತೈತಿ. ನೀ ಓದಿದ್ದಾ ಖರೆ,” ಎಂದು ಉಂಡಿಯ ಡಬರಿಯನ್ನು ಮೇಲೆ ನೆಲುವಿಗೆ ಏರಿಸಿಬಿಟ್ಟಳು. ನೀನು ನನ್ನ ಪರ ನಿಂತೆ: “ನನ್ನ ತಮ್ಮ ಓದ್ಯಾನ, ಸುಳ್ಳು ಹೇಳ್ತಾನೇನು?” ನೀನು ರೊಟ್ಟಿ ಬಿಟ್ಟೆ, ಕಪ್ ಹಿಡಿದೆ. ಡಬ್ಬಿ ಖಾಲಿಯಾಗುವಷ್ಟರಲ್ಲಿ ಕೂಸು ಎದೆ ಬಿಟ್ಟೊಡನೆ ಅಳುತ್ತಿತ್ತು.

ಆ ಖಾಲಿ ಡಬ್ಬಿಯನ್ನು ನಾನು ಲಿಂಗಸುಗೂರಿನ ಸ್ಪರ್ಧೆಗೆ ಒಯ್ದೆ, ವೇದಿಕೆಯ ಮೇಲೆ ಎತ್ತಿ ತೋರಿಸಲು. ವಿಷಯ: ಹಳೆಯ ಊಟವೋ, ವಿಜ್ಞಾನದ ಊಟವೋ. ಬಸ್ಸಿನ ಕಿಟಕಿಯ ಬೆಳಕಿನಲ್ಲಿ ನೋಡಿದರೆ ಆ ದೊಡ್ಡ ಅಂಕಿಯ ಪಕ್ಕ ಒಂದು ಸಣ್ಣ ನಕ್ಷತ್ರದ ಗುರುತು. ಹುಡುಕಿದೆ. ಕಾಗದದ ಅಂಚು ಅಂಟಿಸಿದ ಕಡೆ, ಇರುವೆಯ ಕಾಲಿನಂಥ ಅಕ್ಷರಗಳಲ್ಲಿ ಸಿಕ್ಕಿತು—ಈ ಅಂಕಿ ಒಂದು ದೊಡ್ಡ ಲೋಟ ಹಾಲಿನಲ್ಲಿ ಕಲಸಿದರೆ ಮಾತ್ರ. ಬರೀ ಪುಡಿಯ ಅಂಕಿ ಬೇರೆ ಇತ್ತು. ಅದೂ ನೂರು ಗ್ರಾಮಿಗೆ. ನಾವು ಹಾಕುತ್ತಿದ್ದದ್ದು ಎರಡು ಚಮಚ.

ಅಂದರೆ ಆ ಶಕ್ತಿಯಲ್ಲಿ ಹೆಚ್ಚಿನ ಪಾಲು ಎಮ್ಮೆಯದು! ಮಂದಿಯ ಎಮ್ಮೆಯ ಹಾಲನ್ನು ತನ್ನ ಡಬ್ಬಿಯ ಹೆಸರಿಗೆ ಬರೆದುಕೊಂಡು, ನೀರಿನಲ್ಲೂ ನಡೆಯುತ್ತದೆ ಎಂದು ಮಗ್ಗುಲಲ್ಲೇ ಹೇಳುವವನಿಗೆ ಏನೆನ್ನಬೇಕು? ಅವನು ಸುಳ್ಳು ಬರೆದಿರಲಿಲ್ಲ ನೋಡು, ಅದೇ ಅವನ ಕಸುಬು. ಎರಡೂ ಸಾಲು ಖರೆ. ಆ ಎರಡರ ನಡುವೆ ನೀನು ಹಸಿದೆ. ‘ಅಥವಾ’ ಅಂತೆ, ಅಥವಾ! ಆ ಶಬ್ದ ಕಂಡರೆ ಈಗಲೂ ನನಗೆ...

ಆದರೆ ಅವನು ಸಾಲನ್ನು ಸಣ್ಣದಾಗಿಯಾದರೂ ಬರೆದಿದ್ದ. ನಾನು ಅದನ್ನು ಮುಚ್ಚಿದೆ. ಎದುರಾಳಿ “ಡಬ್ಬಿ ಕೊಡ್ರಿ, ನೋಡೋಣು” ಎಂದಾಗ ಕೊಡಲಿಲ್ಲ. ನಕ್ಷತ್ರದ ಸಾಲಿನ ಮೇಲೆ ಹೆಬ್ಬೆರಳು ಒತ್ತಿ ಸಭೆಗೆ ತೋರಿಸಿದೆ. ಚಪ್ಪಾಳೆ ಬಿತ್ತು. ಗೆದ್ದೆ.

ಅದೇ ಸಂಜೆ ಮನೆಗೆ ಬಂದರೆ ಜವಳಗೇರಾದಿಂದ ನಿನ್ನ ಅತ್ತೆ ಬಂದಿದ್ದರು. ಅಳುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅವ್ವನಿಗೆ ಕೇಳುತ್ತಿದ್ದರು: “ಏನ್ರಿ ಬೀಗತಿ, ಮಗಳಿಗೆ ಉಣ್ಣಾಕ ಹಾಕೀರೋ, ಬರೇ ಬಟ್ಟಲ ತೋರ್ಸೀರೋ?” ಅವ್ವ ನನ್ನನ್ನು ಬಿಟ್ಟುಕೊಡಲಿಲ್ಲ. ನೀನು ನನ್ನ ಕಡೆ ತಿರುಗಿದೆ: “ನೀನಾ ಹೇಳೋ ತಮ್ಮ, ಡಬ್ಬಿ ತಪ್ಪದಂಗ ಕುಡದೀನಿ. ಮತ್ಯಾಕ ಹಿಂಗ?”

ಡಬ್ಬಿ ನನ್ನ ಕಂಕುಳಲ್ಲಿತ್ತು. ಒಂದು ಸಾಲು ಓದಿದ್ದರೆ ಮುಗಿಯುತ್ತಿತ್ತು.

“ಕೆಲವ್ರ ಮೈಯಾ ಹಂಗಿರ್ತೈತ್ರಿ,” ಎಂದೆ.

ನಿನ್ನ ಅತ್ತೆ ಆ ಮಾತನ್ನು ಸೆರಗಿಗೆ ಕಟ್ಟಿಕೊಂಡು ಹೋದರು. ಕೂಸು ಆಡಿನ ಹಾಲಿನಲ್ಲಿ ಬೆಳೆಯಿತು, ಈಗ ಆ ಹುಡುಗಿ ಶಾಲೆಗೆ ಹೋಗುತ್ತಾಳೆ. ಆದರೆ ಜವಳಗೇರಾದಲ್ಲಿ ನೀನು ಇಂದಿಗೂ ‘ಒಣಮೈಯಾಕಿ’.

ನನ್ನ ಪರ ವಾದವೂ ನನ್ನ ಬಳಿ ಸಿದ್ಧವಿದೆ. ಈ ಹಾಳು ಬುದ್ಧಿ ಸುಮ್ಮನಿರುವುದಿಲ್ಲ. ಹಾಲು ಬತ್ತಲು ಕಾರಣ ಹಲವು, ಡಬ್ಬಿಯೇ ಕಾರಣ ಎಂಬುದಕ್ಕೆ ಸಾಕ್ಷಿ ಎಲ್ಲಿ? ಅಂಟಿನುಂಡಿಯಲ್ಲಿ ಪವಾಡ ಇದೆ ಎಂದು ನಾನು ಇಂದಿಗೂ ನಂಬುವುದಿಲ್ಲ. ಸರಿ. ಆದರೆ ಬಾಣಂತಿಯ ಮುಂದಿನ ರೊಟ್ಟಿ ಕಸಿದು ಬಣ್ಣದ ನೀರು ಕೊಟ್ಟವನು ನಾನು. ಗೊತ್ತಾದ ಮೇಲೂ ಗೆಲುವು ಉಳಿಸಿಕೊಳ್ಳಲು ನಿನ್ನ ಮೈಯ ಕಡೆ ಬೆರಳು ತೋರಿಸಿದವನೂ ನಾನೇ. ಇದಕ್ಕೆ ಯಾವ ಸಾಕ್ಷಿ ಬೇಕು?

ಈಗ ಎರಡನೆಯ ಹೆರಿಗೆಗೆ ಬಂದಿದ್ದೀಯ. ನಿನ್ನೆ ನೀನೇ ನನಗೆ ಚೀಲ ಕೊಟ್ಟು ಹೇಳಿದೆ: “ಸಿಂಧನೂರಿಗೆ ಹೊಂಟೀಯಲ್ಲ, ಕೂಸಿಗೆ ಹಾಲಿನ ಡಬ್ಬಿ ತಂದಿಡೋ. ನಂದು ಒಣಮೈ, ನಿನಗ ಗೊತ್ತೈತಲ್ಲ.” ಕೂಸು ಇನ್ನೂ ಹುಟ್ಟಿಲ್ಲ ಅಕ್ಕ! ಹುಟ್ಟದ ಕೂಸಿನ ಪಾಲಿನ ಹಾಲನ್ನು ನನ್ನ ಒಂದು ಮಾತು ಈಗಲೇ ಬತ್ತಿಸಿದೆ.

ಸಿಂಧನೂರಿನ ಅಂಗಡಿಯಲ್ಲಿ ಡಬ್ಬಿಗಳನ್ನು ತಿರುಗಿಸಿ ತಿರುಗಿಸಿ ಓದಿದೆ. ಒಂದರ ಮೇಲೆ ‘ಕಪ್’ ಹೋಗಿ ‘ಸರ್ವಿಂಗ್’ ಬಂದಿದೆ. ಯಾರ ಸರ್ವಿಂಗ್? ಯಾರ ಮನೆಯ ಚಮಚ? ನಕ್ಷತ್ರ ಇನ್ನೂ ಸಣ್ಣದಾಗಿದೆ. ಅಂಗಡಿಯವ ಗೊಣಗಿದ: “ಏನ್ರೀ, ಡಬ್ಬಿ ಒಯ್ಯಾಕ ಬಂದೀರೋ, ಪರೀಕ್ಷೆಗೆ ಓದಾಕ ಬಂದೀರೋ?” ಬರಿಚೀಲ ಹಿಡಿದು ಹೊರಬಿದ್ದೆ.

ಬರೆದ ಈ ಕಾಗದವನ್ನು ನಿನ್ನ ಕೈಗಿಟ್ಟು ತಪ್ಪಿಸಿಕೊಳ್ಳುವುದಿಲ್ಲ. ನಾಳೆ ನಿನ್ನ ಅತ್ತೆ ಬರುತ್ತಾರೆ. ಅವರು, ನೀನು, ಅವ್ವ—ಮೂವರ ಎದುರು ನಾನೇ ಓದುತ್ತೇನೆ. ಅವ್ವನಿಗೆ ಓದಲು ಬರುವುದಿಲ್ಲ. ನಾನು ಓದಿದ್ದೇ ಖರೆ ಎನ್ನುವವಳು. ಈ ಸಲ ಬೆರಳು ಅಡ್ಡ ಇಡುವುದಿಲ್ಲ.