ಹತ್ತು ಬೆರಳು ಮಡಿಸುವಷ್ಟು ಹೊತ್ತು

ಗಣಿತದ ಟೀಚರು ಆ ಹಾಳೆಯನ್ನು ಮೂರು ದಿನದಿಂದ ಕೈಚೀಲದಲ್ಲಿಟ್ಟುಕೊಂಡು ತಿರುಗುತ್ತಿದ್ದಳು. ಹತ್ತೊಂಬತ್ತು ವರ್ಷ ಪಾಠ ಹೇಳಿ, ಈ ವರ್ಷವಷ್ಟೇ ಶಾಲೆಯ ಮುಖ್ಯಸ್ಥೆಯಾದವಳು. ಏಳನೇ ತರಗತಿಯ ಅರ್ಧಕ್ಕರ್ಧ ಮಕ್ಕಳು ಗಣಿತದಲ್ಲಿ ಮುಗ್ಗರಿಸಿದ್ದರು. ಶುಕ್ರವಾರ ಸಂಜೆಯೊಳಗೆ ಎಲ್ಲ ಶಿಕ್ಷಕರೂ ಒಪ್ಪಿದ ಸುಧಾರಣೆಯ ಯೋಜನೆ ಬರದಿದ್ದರೆ ಆ ಕುರ್ಚಿಯಲ್ಲಿ ಬೇರೆಯವರು ಕೂರುತ್ತಾರೆ ಎಂದು ಆಡಳಿತ ಮಂಡಳಿ ಖಡಾಖಂಡಿತವಾಗಿ ಹೇಳಿತ್ತು.

ವಾರಕ್ಕೊಬ್ಬರ ತರಗತಿಯಲ್ಲಿ ಉಳಿದವರು ಕೂತು ನೋಡಬೇಕು, ಕಂಡದ್ದನ್ನು ಹೇಳಬೇಕು: ಇದು ಅವಳ ಯೋಚನೆ. ಮೊದಲು ತನ್ನದೇ ಆಗಲಿ ಎಂದು, ತನಗೆ ಪಾಠ ಹೇಳಿದ್ದ ಹಳೆಯ ಟೀಚರಮ್ಮನನ್ನು ಕರೆಸಿದ್ದಳು. ಅವರು ಹಿಂದಿನ ಬೆಂಚಿನಲ್ಲಿ ನಲವತ್ತು ನಿಮಿಷ ಕೂತು, ಹೋಗುವಾಗ ಕಂಡದ್ದನ್ನು ಬರೆದ ಆ ಹಾಳೆ ಕೈಗಿಟ್ಟರು.

"ಕೋಪ ಬಂದ್ರೆ ಬರಲಿ ಕಣೇ. ಇದ್ದದ್ದು ಇದ್ದ ಹಾಗೆ ಹೇಳಿ ಅಂದವಳು ನೀನೇ."

ಮೇಲಿನ ಎರಡು ಸಾಲು ಹೊಗಳಿಕೆ. ಆಮೇಲೆ: 'ನೀನು ಮೂವತ್ತೊಂದು ಪ್ರಶ್ನೆ ಕೇಳಿದೆ. ಇಪ್ಪತ್ತೆಂಟಕ್ಕೆ ನೀನೇ ಉತ್ತರ ಹೇಳಿದೆ. ಕಿಟಕಿ ಪಕ್ಕದ ಹುಡುಗಿ ನಾಲ್ಕು ಸಲ ಬಾಯಿ ತೆರೆದು ಮುಚ್ಚಿದಳು.'

ಶುಕ್ರವಾರ ಬೆಳಿಗ್ಗೆ ಗಂಡ ಅದನ್ನೋದಿ ನಕ್ಕುಬಿಟ್ಟ. "ಮನೇಲೇನು ಬೇರೆಯಾ? 'ಸಾರಿಗೆ ಉಪ್ಪು ಸಾಕಾ' ಅಂತ ಕೇಳ್ತೀಯ. ನಾನು ತುತ್ತು ನುಂಗೋದ್ರೊಳಗೆ 'ಸಾಕು ಬಿಡಿ' ಅಂತ ನೀನೇ ಅಂದಿರ್ತೀಯ."

ಅವಳಿಗೆ ನಗು ಬರಲಿಲ್ಲ. ಹಾಳೆಯನ್ನು ಹೊಗಳಿಕೆಯ ಎರಡು ಸಾಲಷ್ಟೇ ಕಾಣುವಂತೆ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮಧ್ಯಾಹ್ನ ಶಿಕ್ಷಕರ ಕೊಠಡಿಯಲ್ಲಿ ಅವಳ ಯೋಚನೆ ಕೇಳಿ ಹನ್ನೊಂದು ಮುಖಗಳು ಬಿಗಿದಿದ್ದವು. ಮಕ್ಕಳು ಗುಡುಗು ಮೇಷ್ಟ್ರು ಎಂದು ಕರೆಯುವ ವಿಜ್ಞಾನದ ಮೇಷ್ಟ್ರು ಕೈಕಟ್ಟಿ ಕೂತೇ ಕೇಳಿದರು: "ನಮ್ಮ ತಪ್ಪು ಎಣಿಸೋಕೆ ಬರ್ತೀರಿ ಸರಿ. ನಿಮ್ಮದನ್ನ ಎಣಿಸೋರು ಯಾರು ಮೇಡಂ?"

ಅವಳು ಹಾಳೆ ತೆಗೆದಳು. ಹೊಗಳಿಕೆಯ ಎರಡು ಸಾಲು ಗಟ್ಟಿಯಾಗಿ ಓದಿದಳು. ಯಾರೋ ಕೆಮ್ಮಿದರು. ಕಿಟಕಿ ಪಕ್ಕದ ಹುಡುಗಿಯ ಬಾಯಿ ಕಣ್ಣ ಮುಂದೆ ತೆರೆದು ಮುಚ್ಚಿಕೊಂಡಿತು. ಮಡಿಕೆ ಬಿಚ್ಚಿದಳು. ಕೊನೆಯ ಸಾಲಿನವರೆಗೂ ಓದುವಾಗ ಕಿವಿಯ ತುದಿ ಕೆಂಡದಂತೆ ಸುಡುತ್ತಿತ್ತು.

"ಇನ್ನು ಮೇಲೆ ಪ್ರಶ್ನೆ ಕೇಳಿ ಹತ್ತು ಬೆರಳು ಮಡಿಸೋವರೆಗೂ ಸುಮ್ಮನಿರ್ತೀನಿ. ನನ್ನ ಯೋಜನೆ ಇಷ್ಟೇ. ತಿಂಗಳು ಬಿಟ್ಟು ನೀವೇ ಬಂದು ಎಣಿಸಿ." ಉಸಿರೆಳೆದುಕೊಂಡಳು. "ಶಾಲೆಯ ಯೋಜನೆ ನಮ್ಮೆಲ್ಲರದು. ಮುಂದಿನ ವಾರ ಯಾರ ತರಗತಿಗೆ ಹೋಗೋಣ?"

'ನಾನೇ ಒಬ್ಬರ ಹೆಸರು ಹೇಳ್ತೀನಿ' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಮೇಜಿನ ಕೆಳಗೆ ಒಂದು ಬೆರಳು ಮಡಿಸಿದಳು. ಮೂರು. ಫ್ಯಾನು ಕಿರುಗುಟ್ಟಿತು. ಆರು. ಕನ್ನಡದ ಟೀಚರು ಉಗುರು ನೋಡಿಕೊಂಡರು. ಒಂಬತ್ತು. ಹತ್ತೂ ಮುಗಿದವು. ಅವಳು ತುಟಿ ಕಚ್ಚಿ ಮತ್ತೆ ಹೆಬ್ಬೆರಳಿನಿಂದ ಶುರು ಮಾಡಿದಳು.

"ನನ್ನದಕ್ಕೆ ಬನ್ನಿ," ಎಂದರು ಗುಡುಗು ಮೇಷ್ಟ್ರು. ದನಿಯಲ್ಲಿ ಗುಡುಗಿರಲಿಲ್ಲ. "ಆದ್ರೆ ಬರೆದದ್ದನ್ನ ಮೊದಲು ನನಗೊಬ್ಬನಿಗೇ ತೋರಿಸ್ಬೇಕು. ಆಗುತ್ತಾ?"

"ಆಗುತ್ತೆ ಸರ್."

ಯೋಜನೆಯ ಹಾಳೆಯಲ್ಲಿ ತನ್ನ ಹೆಸರಿನ ಕೆಳಗೆ ಅವರ ಹೆಸರು ಬರೆದಳು. ಮೂರನೆಯ ಹೆಸರಿಗಾಗಿ ಪೆನ್ನನ್ನು ಮೇಜಿನ ನಡುವೆ ಇಟ್ಟು, ಕಾಯತೊಡಗಿದಳು.