ಟವೆಲ್ಲಿನಲ್ಲಿ ಸುತ್ತಿದ ಕನ್ಸೋಲ್

ಹೊಸ ಗೇಮ್ ಕನ್ಸೋಲಿನಲ್ಲಿ ಒಬ್ಬರ ಗೇಮನ್ನು ಇನ್ನೊಬ್ಬರು ಆಡಬೇಕಾದರೆ ಇಂಟರ್ನೆಟ್ ಕಡ್ಡಾಯವಂತೆ ಎಂದು ನಮ್ಮ ಗೇಮಿಂಗ್ ಗ್ರೂಪಿನಲ್ಲಿ ದೊಡ್ಡ ಜಗಳವೇ ಆಯಿತು. ಕುಕ್ ಟೌನಿನ ಮನೆಯಲ್ಲಿ ವೈಫೈ ಪಕ್ಕದಲ್ಲೇ ಕೂತಿದ್ದ ನಾನು ಕೊಬ್ಬಿನಿಂದ ಬರೆದೆ: ‘ಈ ಕಾಲದಲ್ಲಿ ನೆಟ್ ಇಲ್ದೇ ಇರೋರು ಯಾರು ಗುರು? ಅಂಥೋರು ಕೇರಂ ಆಡ್ಕೊಳ್ಲಿ.’ ಎಲ್ಲರೂ ನಕ್ಕರು. ವಾದ ಗೆದ್ದೆನೆಂದು ಬೀಗಿದೆ.

ಆ ಗ್ರೂಪಿನಲ್ಲೇ ಇದ್ದ ಜೋಗುಪಾಳ್ಯದ ಗೆಳೆಯನೊಬ್ಬ ಪ್ರತಿ ಭಾನುವಾರ ತನ್ನ ಕನ್ಸೋಲನ್ನು ಟವೆಲ್ಲಿನಲ್ಲಿ ಸುತ್ತಿ, ಬ್ಯಾಗಿನಲ್ಲಿಟ್ಟುಕೊಂಡು ನಮ್ಮ ಮನೆಗೆ ಬರುತ್ತಿದ್ದ. ನನ್ನ ಗೇಮುಗಳನ್ನು ಅವನಿಗೂ ಆಡಲು ಕೊಟ್ಟಿದ್ದೆ. ನನ್ನ ಹತ್ತಿರ ಒಂದು ಇರುವಾಗ ಇವನೇಕೆ ಇನ್ನೊಂದನ್ನು ಹೊತ್ತು ತರುತ್ತಾನೆ, ಬರೀ ಜಂಬ ಎಂದುಕೊಂಡಿದ್ದೆ. ಆ ಜಗಳದ ನಂತರದ ಭಾನುವಾರ ಅವನು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಫೋನ್ ಮಾಡಿದರೆ ‘ಸ್ವಲ್ಪ ಕೆಲಸ ಇದೆ ಮಗಾ’ ಎಂದ.

ಮೂರನೆಯ ವಾರ ನಾನೇ ಅವನ ಮನೆಗೆ ಹೋದೆ. ಅವನು ಹೊರಗೆ ಹೋಗಿದ್ದ. ಅವನ ತಾಯಿ ಕಾಫಿ ಕೊಟ್ಟು ಕೇಳಿದರು: ‘ನಿಮ್ಮನೆ ನೆಟ್ ಸರಿಹೋಯ್ತೇನಪ್ಪಾ? ಕೆಟ್ಟೋಗಿದೆ, ಅದಕ್ಕೇ ಹೋಗ್ತಿಲ್ಲ ಅಂದ. ನಮ್ಮನೇಲಿ ವೈಫೈ ಹಾಕ್ಸಿಲ್ವಲ್ಲ, ಫೋನಿನ ನೆಟ್ ಸಾಲಲ್ವಂತೆ. ವಾರಕ್ಕೊಂದ್ಸಲ ನಿಮ್ಮನೆ ನೆಟ್‌ಗೆ ಹಾಕ್ದೇ ನೀನು ಕೊಟ್ಟ ಗೇಮ್ ಒಂದೂ ಓಪನ್ ಆಗ್ತಿಲ್ಲ ಅಂತ ಸುಮ್ನೆ ಕೂತಿರ್ತಾನೆ.’

‘ಇನ್ನೂ ಸರಿಹೋಗಿಲ್ಲ ಆಂಟಿ’ ಎಂದೆ. ಕಾಫಿ ಲೋಟ ಕೆಳಗಿಟ್ಟು ಎದ್ದೆ.

ಮೆಟ್ಟಿಲಿಳಿಯುವಾಗ, ನಾನು ಬರೆದದ್ದನ್ನು ಅಳಿಸಿಹಾಕೋಣವೆಂದು ಗ್ರೂಪ್ ತೆರೆದೆ. ಅದರ ಕೆಳಗೆ ನಗುವಿನ ಗುರುತು ಒತ್ತಿದವರಲ್ಲಿ ಮೊದಲನೆಯವನು ಅವನೇ.