ಏರಿಗೆ ಹಚ್ಚಿದ ಕೈ

ಬಸ್ಸು ಏರು ಹತ್ತುವಾಗ ನಾನು ಮುಂದಿನ ಸೀಟನ್ನು ಎರಡೂ ಕೈಯಿಂದ ನೂಕುತ್ತೇನೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ನನ್ನ ಹೆಂಡತಿಗೆ ಗೊತ್ತಿದೆ, ಆದರೆ ಆಕೆ ಅದನ್ನು ನನ್ನ ಉಳಿದ ಹುಚ್ಚುಗಳ ಜೊತೆ ಸೇರಿಸಿ ಕೈಬಿಟ್ಟಿದ್ದಾಳೆ. ಮೊನ್ನೆ ಶಹಾಪುರದಿಂದ ಸುರಪುರಕ್ಕೆ ಹೋಗುವಾಗ ಮುಂದಿನ ಸೀಟಿನ ಗೃಹಸ್ಥರು ತಿರುಗಿ ನೋಡಿ, "ಅಜ್ಜಾರ, ನಾ ಏನರ ತಪ್ಪು ಮಾಡೀನೇನ್ರಿ? ಬೆನ್ನಿಗಿ ನೂಕಾಕತ್ತೀರಲ್ಲ" ಎಂದರು. ನಾನು ನಾಚಿಕೊಂಡು ಕೈ ತೆಗೆದೆ. ಬಸ್ಸು ಗೇರು ಬದಲಿಸಿ ಒಮ್ಮೆ ನರಳಿತು. ನೋಡಿಕೊಂಡರೆ ಕೈ ಮತ್ತೆ ಅಲ್ಲೇ ಇತ್ತು.

ಬಂಡಿಯೊಳಗೆ ಕುಳಿತವನು ನೂಕಿದರೆ ಬಂಡಿ ಮುಂದೆ ಹೋಗುವುದಿಲ್ಲವೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನೇ ನಾನು. ಹಾಗಾಗಿ ಅಜ್ಞಾನ ಎಂದು ತಪ್ಪಿಸಿಕೊಳ್ಳುವ ಹಾಗಿಲ್ಲ. ಇದು ಕೈಗೆ ಬಿದ್ದ ರೂಢಿ. ತಲೆಗೆ ಪಾಠ ಹೇಳಬಹುದು, ಕೈಗೆ ಹೇಳುವುದು ಕಷ್ಟ.

ನಮ್ಮ ಕಡೆ ಏರಿನಲ್ಲಿ ಯಾರೇ ಬರಲಿ, ಪಕ್ಕದಲ್ಲಿ ಇದ್ದವರು ಕೈ ಹಚ್ಚಬೇಕು. ಸಜ್ಜೆಯ ಚೀಲ ಹೇರಿದ ಬಂಡಿ ಇರಲಿ, ತಲೆಯ ಮೇಲೆ ಹೊರೆ ಹೊತ್ತ ಹೆಂಗಸಿರಲಿ, ಗಂಡನ ಮನೆಗೆ ಹೊರಟ ಹುಡುಗಿಯ ಗಾಡಿ ಇರಲಿ, ಯಾರು, ಯಾವ ಊರು ಎಂದು ಕೇಳುವಂತಿಲ್ಲ. ಕೈ ಹಚ್ಚಿ, ಏರು ಮುಗಿದ ಮೇಲೆ ಕೈ ಬಿಟ್ಟು, ತಮ್ಮ ದಾರಿ ಹಿಡಿಯಬೇಕು. ದೋರನಹಳ್ಳಿಯ ನಮ್ಮ ಓಣಿಯಲ್ಲಿ ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟ ಇಬ್ಬರು ಅಣ್ಣತಮ್ಮಂದಿರಿದ್ದರು. ಒಬ್ಬರ ನೆರಳು ಒಬ್ಬರಿಗೆ ಆಗುತ್ತಿರಲಿಲ್ಲ. ಆದರೂ ಅಣ್ಣನ ಬಂಡಿ ಏರಿನಲ್ಲಿ ನಿಂತರೆ ತಮ್ಮ ಬಂದು ಗಾಲಿಗೆ ಹೆಗಲು ಕೊಡುತ್ತಿದ್ದ. ಮುಖ ಮಾತ್ರ ಆ ಕಡೆ ತಿರುಗಿಸಿಕೊಂಡಿರುತ್ತಿದ್ದ. ಏರು ಹತ್ತಿದ ಮೇಲೆ ಇಬ್ಬರೂ ಮತ್ತೆ ವೈರಿಗಳಾಗಿ ಮನೆಗೆ ಹೋಗುತ್ತಿದ್ದರು.

ಶಿರವಾಳದ ಹಳೆಯ ಗುಡಿಗಳ ಮುಂದೆ ನಿಂತಾಗಲೆಲ್ಲ ನನಗೆ ಈ ಕೈಗಳದೇ ನೆನಪು. ಅಷ್ಟು ದೊಡ್ಡ ಕಲ್ಲುಗಳನ್ನು ಯಾರು ತಂದರು? ಕಟ್ಟಿಸಿದವರ ಹೆಸರನ್ನು ಪಂಡಿತರು ಎಲ್ಲಿಂದಲೋ ಹುಡುಕಿ ತೆಗೆಯುತ್ತಾರೆ. ಕಲ್ಲಿನ ಬಂಡಿ ಬರುವಾಗ ದಾರಿಯಲ್ಲಿ ಎಮ್ಮೆ ಮೇಯಿಸುತ್ತ ನಿಂತಿದ್ದು, ಸುಮ್ಮನೆ ಬಂದು ಕೈ ಹಚ್ಚಿ ಹೋದವನು ಯಾವ ಪಂಡಿತರಿಗೂ ಸಿಕ್ಕಿಲ್ಲ. ಅವನಿಗೂ ಸಿಗುವ ಆಸೆ ಇರಲಿಲ್ಲವೆಂದು ಕಾಣುತ್ತದೆ.

ಇಷ್ಟು ಒಳ್ಳೆಯ ರೂಢಿಯಿಂದ ನಾನು ಒಬ್ಬ ಗೆಳೆಯನ ಬಾಳನ್ನೇ ಹಾಳು ಮಾಡಲಿದ್ದೆ. ಅದನ್ನು ಹೇಳುತ್ತೇನೆ.

ನಿಜಾಮನ ಆಳಿಕೆಯ ಕೊನೆಯ ವರ್ಷಗಳು. ನಾನು ಶಹಾಪುರದ ಸಾಲೆಯಲ್ಲಿ ಹೊಸ ಮಾಸ್ತರ. ಕಲಿಸುವುದು ಉರ್ದುವಿನಲ್ಲಿ, ಬೈಯುವುದು ಕನ್ನಡದಲ್ಲಿ. ಆ ಕಾಲಕ್ಕೆ ಗುಲಬರ್ಗಾದ ಸೈಕಲ್ ವ್ಯಾಪಾರಿ ಶೇಠರೊಬ್ಬರು ಇನ್ನೂ ಕೆಲವರನ್ನು ಕೂಡಿಸಿಕೊಂಡು ಮೂರು ದಿನದ ಸೈಕಲ್ ಪಂದ್ಯ ಇಟ್ಟರು. ಮೊದಲ ದಿನ ಗುಲಬರ್ಗಾದಿಂದ ಯಾದಗಿರಿ. ಎರಡನೆಯ ದಿನ ಯಾದಗಿರಿಯಿಂದ ಭೀಮಾ ಹೊಳೆ ದಾಟಿ, ದೋರನಹಳ್ಳಿ, ಶಹಾಪುರದ ಮೇಲೆ ಹಾದು ಸುರಪುರದ ಗುಡ್ಡ. ಮೂರನೆಯ ದಿನ ವಾಪಸು. ಎರಡನೆಯದೇ ಗುಡ್ಡದ ದಿನ, ಪಂದ್ಯದ ಜೀವ ಇರುವುದೇ ಅದರಲ್ಲಿ ಎಂದು ತಿಳಿದವರು ಹೇಳುತ್ತಿದ್ದರು. ನಾನೂ ತಿಳಿದವನ ಹಾಗೆ ಹೇಳುತ್ತ ತಿರುಗಿದೆ. ನನಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ.

ಪಂದ್ಯದ ಸವಾರರಿಗೆ ಅದೇ ನೌಕರಿ. ಒಬ್ಬೊಬ್ಬ ವ್ಯಾಪಾರಿಯ ಹೆಸರಿನಲ್ಲಿ ಇಬ್ಬರು ಮೂವರು ಪಗಾರದ ಸವಾರರು. ನಮ್ಮ ಶೇಠರ ಸವಾರರಲ್ಲಿ ಒಬ್ಬ ಸಾಬಣ್ಣ. ದೋರನಹಳ್ಳಿಯಲ್ಲಿ ನಮ್ಮ ಓಣಿಯವನೇ, ನನ್ನ ಓರಿಗೆಯವನು. ಯಾದಗಿರಿ ಸ್ಟೇಷನ್ನಿನ ಹತ್ತಿರ ಸೈಕಲ್ ಪಂಕ್ಚರ್ ತಿದ್ದುತ್ತಿದ್ದವನನ್ನು ಶೇಠರು ಕಂಡು ಕರೆದುಕೊಂಡಿದ್ದರು. ನಾನು ಚಿಗವ್ವ ಎಂದು ಕರೆಯುತ್ತಿದ್ದ ಅವನ ತಾಯಿ ಹಣಮವ್ವನಿಗೆ ಈ ನೌಕರಿ ಅರ್ಥವಾಗಿರಲಿಲ್ಲ. ಕುರಿ ಸಾಕಿ ಬದುಕಿದ ಹೆಂಗಸು.

"ಎಲ್ಲಿಗಿ ಹೋಗ್ತಾನ ತಮ್ಮಾ?" ಎಂದು ನನ್ನನ್ನು ಕೇಳಿದಳು.

"ಸುರಪುರಕ್ಕ, ಚಿಗವ್ವ."

"ಹೋಗಿ ಏನ್ ತರ್ತಾನ?"

"ಏನೂ ತರಂಗಿಲ್ಲ. ಬರೇ ಹೋಗ್ತಾನ, ಜಲ್ದಿ ಹೋಗ್ತಾನ."

"ಏನೂ ತರಂಗಿಲ್ಲಂದ್ರ ಜಲ್ದಿ ಯಾಕ?" ಎಂದಳು.

ಶೇಠರು ಸಾಬಣ್ಣನಿಗೆ ಒಂದು ಮಾತು ಹೇಳಿದ್ದರು. ಗುಡ್ಡದ ದಿನ ಮೊದಲ ಮೂವರೊಳಗೆ ಬಂದರೆ ನೌಕರಿ ಪಕ್ಕಾ. ಇಲ್ಲದಿದ್ದರೆ ಸುರಪುರದಲ್ಲೇ ಸೈಕಲ್ ಒಪ್ಪಿಸಿ ಊರಿಗೆ ನಡೆದುಕೊಂಡು ಹೋಗಬೇಕು. ಕುರಿ ಕಾಯುವುದರಲ್ಲಿ ಸಾಬಣ್ಣನಿಗೆ ಅವಮಾನವೇನೂ ಇರಲಿಲ್ಲ. ಆದರೆ ಆ ಸೈಕಲ್ಲಿನ ಮೇಲೆ ಕುಳಿತಾಗ ಅವನ ಮುಖ ಹೇಗಿರುತ್ತದೆ ಎಂದು ನಾನು ಕಂಡಿದ್ದೆ. ಅದನ್ನು ಕಂಡವರು ಯಾರೂ ಅವನನ್ನು ಕೆಳಗಿಳಿ ಎನ್ನಲಾರರು.

ಗುಡ್ಡದ ದಿನ ನಾವು ದೋರನಹಳ್ಳಿಯ ಇಪ್ಪತ್ತು ಮಂದಿ ಎರಡು ಬಂಡಿ ಕಟ್ಟಿಕೊಂಡು, ರೊಟ್ಟಿಯ ಗಂಟು, ಮಜ್ಜಿಗೆಯ ಕೊಡದ ಸಮೇತ ಸುರಪುರದ ಏರಿಗೆ ಹೋಗಿ ಕುಳಿತೆವು. ಬಯಲಿನಲ್ಲಿ ಪಂದ್ಯ ನೋಡಬಾರದು. ಬಯಲಿನಲ್ಲಿ ಧೂಳು ಬರುತ್ತದೆ, ಸುಂಯ್ ಎನ್ನುತ್ತದೆ, ಬಾಯಿಗೆ ಬಿದ್ದ ಮಣ್ಣು ಉಗುಳುವುದರೊಳಗೆ ಪಂದ್ಯ ಮುಂದಿನ ಊರಿನಲ್ಲಿ ಇರುತ್ತದೆ. ಏರಿನಲ್ಲಿ ಮನುಷ್ಯ ಕಾಣುತ್ತಾನೆ. ಅವನು ಹಲ್ಲು ಕಚ್ಚಿದ್ದು, ಕಣ್ಣಿಗೆ ಇಳಿದ ಬೆವರು, ಮನಸ್ಸಿನಲ್ಲಿ ಯಾರನ್ನೋ ಬೈಯುತ್ತಿರುವುದು, ಎಲ್ಲ ಕಾಣುತ್ತದೆ. ಎರಡನೆಯ ತಿರುವು ಬಹಳ ಕಡಿದು. ನಾವು ಅಲ್ಲಿಯೇ ಜಾಗ ಹಿಡಿದೆವು. ಶಿರವಾಳದವರು, ಸುರಪುರದವರು, ಗುಡ್ಡದಲ್ಲಿ ಕುರಿ ಬಿಟ್ಟವರು ಎಲ್ಲರೂ ಬಂದು ಕೂಡಿಕೊಂಡರು.

ನನ್ನ ಹತ್ತಿರ ಒಂದು ಕಾಗದ ಇತ್ತು. ಪಂದ್ಯದ ಕಾಯ್ದೆಗಳು ಉರ್ದುವಿನಲ್ಲಿ ಇದ್ದವು. ಅವನ್ನು ಕನ್ನಡದಲ್ಲಿ ಬರೆದು ಏರಿನ ಮಂದಿಗೆ ಓದಿ ಹೇಳುವ ಕೆಲಸವನ್ನು ನನಗೆ ವಹಿಸಿದ್ದರು. ನಾನು ಒಂದು ಬಂಡೆಯ ಮೇಲೆ ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ. ಸವಾರರನ್ನು ಯಾರೂ ಮುಟ್ಟಬಾರದು. ಮುಟ್ಟಿಸಿಕೊಂಡವನು ಪಂದ್ಯದಿಂದ ಹೊರಗೆ.

ಹಣಮವ್ವ ಎದ್ದು ನಿಂತಳು. "ಮುಟ್ಟಬ್ಯಾಡ ಅಂದ್ರ, ಏರಿನಾಗ ಕೈನೂ ಹಚ್ಚಬಾರದೇನು?"

"ಹಚ್ಚಬಾರದು ಚಿಗವ್ವ."

"ಮತ್ತ ನಾವು ಇಷ್ಟು ಮಂದಿ ಯಾಕ ಬಂದೀವಿ?"

"ನೋಡಾಕ."

"ಏರಿನಾಗ ಒಬ್ಬವ ದಣಿಯಾಕತ್ತಾನ, ನಾವು ಕುಂತು ನೋಡಬೇಕು," ಎಂದಳು. ಸುತ್ತಲಿದ್ದವರು ನನ್ನನ್ನು ನೋಡಿದ ಬಗೆಯಲ್ಲಿ, ಈ ಕಾಯ್ದೆಯನ್ನು ನಾನೇ ಮನೆಯಲ್ಲಿ ಕುಳಿತು ಮಾಡಿಕೊಂಡು ಬಂದಿದ್ದೇನೆ ಎಂಬ ಸಂಶಯ ಇತ್ತು. ನಾನು ಇನ್ನೊಮ್ಮೆ, ಇನ್ನೂ ಗತ್ತಿನಿಂದ ಓದಿದೆ.

ಬಿಸಿಲು ಏರಿದ ಮೇಲೆ ಕೆಳಗೆ ಧೂಳು ಕಂಡಿತು. ಮೊದಲು ಇಬ್ಬರು ಹೈದರಾಬಾದಿನವರು ಬಂದರು. ನಮ್ಮ ಮಂದಿ ಕೈ ಹಿಂದೆ ಕಟ್ಟಿಕೊಂಡು, ಪಂಗಡ ಬೇರೆ ಎನ್ನದೆ, ಮರುಕದಿಂದ ನೋಡುತ್ತ ನಿಂತರು. ಯಾರೂ ಮುಟ್ಟಲಿಲ್ಲ. ನನಗೆ ಹೆಮ್ಮೆಯಾಯಿತು. ಮೂರನೆಯವನು ಸಾಬಣ್ಣ. ಅವನ ಹಿಂದೆಯೇ ಮತ್ತೊಬ್ಬ, ಅವನ ಹಿಂದೆ ಉಳಿದ ಏಳು ಮಂದಿ. ತಿರುವಿಗೆ ಬಂದಾಗ ಸಾಬಣ್ಣನ ಸೈಕಲ್ ನಿಂತೇ ಬಿಟ್ಟಿತು ಅನ್ನಿಸಿತು. ಮುಂದಿನ ಗಾಲಿ ಆ ಕಡೆ ಈ ಕಡೆ ಹೊರಳಾಡಿತು. ಅವನು ನನ್ನನ್ನು ನೋಡಿದ, ಅಥವಾ ನೋಡಿದ ಹಾಗೆ ನನಗೆ ಅನ್ನಿಸಿತು.

ಮುಂದಿನದು ನಾನು ಮಾಡಿದ್ದಲ್ಲ ಎಂದರೆ ನೀವು ನಂಬುವುದಿಲ್ಲ. ನನ್ನ ಕೈ ಹೋಯಿತು. ಕಾಯ್ದೆಯ ಕಾಗದ ಹಿಡಿದ ಆ ಕೈಯೇ ಹೋಗಿ ಸಾಬಣ್ಣನ ಬೆನ್ನಿಗೆ ಹತ್ತಿತು, ನಾಲ್ಕು ಹೆಜ್ಜೆ ಓಡಿ ನೂಕಿತು. ಸೈಕಲ್ ತಿರುವು ದಾಟಿ ಮೇಲೆ ಹೋಯಿತು. ಕೈ ವಾಪಸು ಬಂತು, ಕಾಗದ ಬರಲಿಲ್ಲ. ಅದು ಬೆವರಿಗೆ ಅಂಟಿಕೊಂಡು ಸಾಬಣ್ಣನ ಬೆನ್ನ ಮೇಲೆ ಕುಳಿತು ಗುಡ್ಡ ಹತ್ತಿತು.

ಹಣಮವ್ವ ನನ್ನನ್ನು ನೋಡಿದಳು, ಬರುತ್ತಿದ್ದ ಉಳಿದವರನ್ನು ನೋಡಿದಳು. "ನನ್ನ ಮಗಗ ಒಬ್ಬಗ ಕೈ ಹಚ್ಚಿ ಮಂದಿ ಮಕ್ಕಳನ್ನ ಬಿಟ್ರ ಹೆಂಗ? ಬರ್ರಿ ಎಲ್ಲಾರೂ," ಎಂದು ಸೆರಗು ಕಟ್ಟಿ ರಸ್ತೆಗೆ ಇಳಿದಳು. ಅವಳ ಹಿಂದೆ ಇಡೀ ಏರು ಇಳಿಯಿತು. ಉಳಿದ ಎಂಟು ಮಂದಿಯನ್ನೂ ಬಿಡದೆ, ಒಬ್ಬೊಬ್ಬರಿಗೆ ನಾಲ್ಕೈದು ಕೈ ಹಚ್ಚಿ ಮೇಲೆ ಕಳಿಸಿದರು. ಗುಲಬರ್ಗಾದ ಒಬ್ಬ ಸವಾರ ಬೇಡ ಬೇಡ ಎಂದು ಕೂಗುತ್ತಿದ್ದ. ಅವನು ಸಂಕೋಚದವನೆಂದು ತಿಳಿದು ಇನ್ನೂ ಇಬ್ಬರು ಬಂದು ನೂಕಿದರು.

ಗುಡ್ಡದ ಮೇಲೆ ಛತ್ರಿಯ ಕೆಳಗೆ ಕುರ್ಚಿ ಹಾಕಿಕೊಂಡು ಪಂದ್ಯದ ತೀರ್ಪು ಕೊಡುವ ಪಂಚರು ಕುಳಿತಿದ್ದರು, ಪೆನ್ಷನ್ನಿನ ಜಮಾದಾರ ಸಾಹೇಬರು. ನಾವು ಓಡಿ ಹತ್ತುವುದರೊಳಗೆ ಅವರು ಸಾಬಣ್ಣನ ಬೆನ್ನಿನಿಂದ ಕಾಗದ ಬಿಡಿಸಿ ಕೈಯಲ್ಲಿ ಹಿಡಿದಿದ್ದರು. ಅಂಗಿಯ ಮೇಲೆ ನನ್ನ ಮಸಿ ಇಳಿದಿತ್ತು.

"ಮಾಸ್ತರ್ ಸಾಬ್, ಇದು ಯಾರ ಅಕ್ಷರ?"

"ನಂದೇ ರೀ."

"ಎಲ್ಲಾರಿಗೂ ಓದಿ ಹೇಳೀರಲ್ಲ?"

"ಎರಡು ಸಲ ಹೇಳೀನ್ರಿ." ಇಷ್ಟು ಹೊತ್ತಿಗೆ ನನ್ನ ದನಿ ಸಾಲೆಯಲ್ಲಿ ಪಾಠ ಬಾರದ ಹುಡುಗನ ದನಿಯಾಗಿತ್ತು. ಸಾಬಣ್ಣ ನನ್ನ ಕಡೆ ನೋಡಲೇ ಇಲ್ಲ. ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದ, ಒಪ್ಪಿಸಿ ಹೋಗಬೇಕಾದವನು ನೋಡುವ ಹಾಗೆ. ನನಗೆ ಅಳು ಬಂತು. ಗೆಳೆಯನ ವೈರಿ ಮಾಡದ್ದನ್ನು ನಾನು ಮಾಡಿದ್ದೆ.

ಹಣಮವ್ವ ಮುಂದೆ ಬಂದಳು. "ಸಾಹೇಬ್ರ, ಎಲ್ಲಾರಿಗೂ ಹಚ್ಚೀವ್ರಿ. ಮುಂದ ಬಂದ ಇಬ್ಬರಿಗೆ ಮಾತ್ರ ಹಚ್ಚಿಲ್ಲ. ಅವರನ್ನ ಕೆಳಗ ಕಳಸ್ರಿ, ಅವರಿಗೂ ಹಚ್ಚತೀವಿ. ಸರಿ ಆಗ್ತದ."

ಜಮಾದಾರ ಸಾಹೇಬರು ಮೀಸೆ ಸವರಿಕೊಂಡರು. ಕಾಯ್ದೆಯ ಪ್ರಕಾರ ಒಂಬತ್ತು ಮಂದಿ ಹೊರಗೆ. ಉಳಿದ ಇಬ್ಬರನ್ನು ಇಟ್ಟುಕೊಂಡು ನಾಳೆಯ ಪಂದ್ಯ ಮಾಡುವುದು ಹೇಗೆ? ಕೊನೆಗೆ ಹೇಳಿದರು. ಕೈ ಹಚ್ಚಿಸಿಕೊಂಡವರಲ್ಲಿ ಯಾರಿಗೆ ಪಂದ್ಯ ಬೇಕೋ ಅವರು ಏರಿನ ಬುಡಕ್ಕೆ ಇಳಿದು ಮತ್ತೆ ಹತ್ತಿ ಬರಲಿ. ಅವರಲ್ಲಿ ಮೊದಲು ಬಂದವನು ಮೂರನೆಯವನು.

ಯಾರಿಗೂ ಕಾಲಿನಲ್ಲಿ ಜೀವ ಇರಲಿಲ್ಲ. ನಾಲ್ವರು ಬೇವಿನ ಮರದ ಕೆಳಗೆ ಮಲಗಿಯೇ ಬಿಟ್ಟರು. ಸಾಬಣ್ಣ ಸೈಕಲ್ ತಿರುಗಿಸಿ ಇಳಿಯತೊಡಗಿದ. ಅವನನ್ನು ನೋಡಿ ಇನ್ನೂ ನಾಲ್ವರು ಇಳಿದರು.

ನಾವೂ ಮತ್ತೆ ತಿರುವಿಗೆ ಬಂದು ನಿಂತೆವು. ಈ ಸಲ ಕೆಲವರು ಕೈಗಳನ್ನು ಕಂಬಳಿಯೊಳಗೆ ಸೇರಿಸಿದರು. ಒಬ್ಬ ತನ್ನ ಕೈಯನ್ನು ರುಮಾಲಿನಿಂದ ಕಟ್ಟಿಸಿಕೊಂಡ. ಸಾಬಣ್ಣನೇ ಮುಂದೆ ಬಂದ, ಆದರೆ ಗುಲಬರ್ಗಾದ ಆ ಸಂಕೋಚದವನು ಒಂದು ಮಾರು ಹಿಂದೆಯೇ ಇದ್ದ. ಅದೇ ತಿರುವು, ಅದೇ ಜಾಗ, ಸೈಕಲ್ ಮತ್ತೆ ನಿಂತ ಹಾಗಾಯಿತು. ಗಾಲಿ ಹೊರಳಿತು. ಹಣಮವ್ವ ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನನ್ನನ್ನು ತಡೆಯಲು ಎಂದುಕೊಂಡೆ. ಅವಳ ಕೈ ನನ್ನ ಕೈಗಳನ್ನೂ ಎಳೆದುಕೊಂಡು ಮಗನ ಕಡೆ ಸರಿದಾಗ, ತನ್ನ ಕೈ ತಡೆದುಕೊಳ್ಳಲು ಎಂದು ತಿಳಿಯಿತು. ಮಗ ಒಂದು ಗೇಣು ದೂರದಲ್ಲಿ ಏದುಸಿರು ಬಿಡುತ್ತಿದ್ದ. ಅವಳು ತುಟಿ ಕಚ್ಚಿಕೊಂಡು ನೋಡುತ್ತ ನಿಂತಳು. ಸಾಬಣ್ಣ ತಲೆ ಎತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿದ, ಪೆಡಲಿನ ಮೇಲೆ ಎದ್ದು ನಿಂತು ತುಳಿದ. ಗಾಲಿ ಉರುಳಿತು. ತಿರುವು ದಾಟಿತು.

ಅವನು ಮೂರನೆಯವನಾದ. ನೌಕರಿ ಉಳಿಯಿತು. ಮುಂದೆ ಏಳೆಂಟು ವರ್ಷ ಸವಾರನಾಗಿಯೇ ಇದ್ದು, ಆಮೇಲೆ ಶಹಾಪುರದಲ್ಲಿ ಸ್ವಂತ ಸೈಕಲ್ ಅಂಗಡಿ ಹಾಕಿದ. ನನಗೆ ಸೈಕಲ್ ಕಲಿಸುತ್ತೇನೆಂದು ಎರಡು ಸಲ ಪ್ರಯತ್ನಿಸಿ, ಕೈ ಮುಗಿದು ಬಿಟ್ಟ.

ಆ ದಿನ ಮಜ್ಜಿಗೆ ಕುಡಿಯುತ್ತ ಕುಳಿತಾಗ ನಾನು ಕ್ಷಮೆ ಕೇಳಿದೆ. ಅವನು ನಕ್ಕ. "ಮೊದಲನೇ ಸಲ ನೀ ಒಬ್ಬವ ಕೈ ಹಚ್ಚಿದಿ ಮಾಸ್ತರ. ನಾಲ್ಕು ಹೆಜ್ಜಿ ಬಂತು. ಎರಡನೇ ಸಲ ನೋಡಿದ್ರ, ಅವ್ವ ನಿಂತಾಳ, ನೀ ನಿಂತೀದಿ, ಅಷ್ಟೂ ಮಂದಿ ಕೈ ತಡಕೊಂಡು ನಿಂತಾರ. ಇವರಿಗಿ ಇಷ್ಟು ಕಷ್ಟ ಆಗಾಕತ್ತದ, ನಾ ಕಾಲು ಹ್ಯಾಂಗ ಕೆಳಗ ಇಡಲಿ ಅನಿಸ್ತು. ಅದು ಮ್ಯಾಲಿನ ತನಕ ಬಂತು."

ಮೊನ್ನೆ ಬಸ್ಸಿನಲ್ಲಿ ಮುಂದಿನ ಸೀಟಿನ ಗೃಹಸ್ಥರಿಗೆ ಇದನ್ನೇ ಹೇಳಿದೆ. ಅವರು ಪೂರ್ತಿ ಹಿಂದೆ ತಿರುಗಿ ಕುಳಿತು ಕೇಳಿದರು. ಕಥೆ ಮುಗಿಯುವುದಕ್ಕೂ ಸುರಪುರದ ಏರಿನ ಅದೇ ಎರಡನೆಯ ತಿರುವು ಬರುವುದಕ್ಕೂ ಸರಿಹೋಯಿತು. ಬಸ್ಸು ತುಂಬ ಮಂದಿ ಇದ್ದರು, ಇಂಜಿನು ಏದುತ್ತಿತ್ತು. ಬಸ್ಸಿಗೆ ಅಂಥ ಕಾಯ್ದೆ ಏನೂ ಇಲ್ಲವೆಂದು ನಾನು ಕೈ ಹಚ್ಚಿದೆ. ಗೃಹಸ್ಥರು ಮುಂದೆ ತಿರುಗಿ, ತಮ್ಮ ಮುಂದಿನ ಸೀಟಿಗೆ ಎರಡೂ ಕೈ ಹಚ್ಚಿದರು.